ಸೋದರಮಾವನ ಫೈಲು

ಕಾವ್ಯ ಮೊದಲ ಸಲ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಅವಳ ಕೈಯಲ್ಲಿ ಎರಡು ಪ್ಲಾಸ್ಟಿಕ್ ಫೈಲುಗಳಿದ್ದವು. ನೀಲಿಯದು ನ್ಯೂಜಿಲೆಂಡಿನದು, ಹಸಿರಿನದು ಆಸ್ಟ್ರೇಲಿಯಾದ್ದು. ಎರಡನ್ನೂ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಜವಳಿ ಅಂಗಡಿಯಲ್ಲಿ ಸೀರೆ ತೋರಿಸಿ ಕೇಳುವ ಹಾಗೆ, "ಮೇಡಂ, ನೀವಾಗಿದ್ರೆ ಯಾವ್ದು ತಗೊಳ್ತಿದ್ರಿ?" ಎಂದಳು. ಅವಳು ಕನಕಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಗಂಡ ಮಹೇಶ, ನಾಲ್ಕು ವರ್ಷದ ಮಗಳು ನಿಧಿ. "ಹೋದ್ರೆ ಮೂವರೂ ಒಟ್ಟಿಗೇ ಹೋಗೋದು ಮೇಡಂ, ಇಲ್ದಿದ್ರೆ ಬೇಡವೇ ಬೇಡ" ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟಳು.

ಯಾವ ದೇಶ ಒಳ್ಳೆಯದು ಎಂದು ನಾವು ಹೇಳಬಾರದು. ಅದು ನಮ್ಮ ಆಫೀಸಿನ ಮೊದಲ ಕಟ್ಟಳೆ. ಆದರೂ ನಾನು ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಇನ್ನೂ ಒಂದು ತಪ್ಪು ಮಾಡಿ, ಆ ಮೂವರನ್ನು ಇನ್ನೇನು ಬೇರೆ ಬೇರೆ ಮಾಡಿಯೇಬಿಟ್ಟಿದ್ದೆ.

ಈಗ ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಶಾಜಿಯಾ ಕೂತಿದ್ದಾಳೆ. ಡಿಗ್ರಿ ಮುಗಿಸಿ ನೇರವಾಗಿ ಬಂದ ಹುಡುಗಿ, ಬೆರಳು ನನಗಿಂತ ಚುರುಕು. ನಾನು ಬಿಟ್ಟು ಬರುವ ದಿನ, "ಆಂಟಿ, ಈ ಕೆಲ್ಸದಲ್ಲಿ ಏನೇನು ಗೊತ್ತಿರ್ಬೇಕು ಅಂತ ಬರೆದುಕೊಟ್ಟು ಹೋಗಿ" ಎಂದಳು. ಕಂಪ್ಯೂಟರಿನ ವಿಷಯ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ನಾನು ಎಡವಿದ್ದನ್ನೇ ಬರೆಯುತ್ತಿದ್ದೇನೆ.

ನಮ್ಮದು ರಾಮನಗರದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಹೊರದೇಶಕ್ಕೆ ಹೋಗುವವರ ಕಾಗದಪತ್ರ ಭಾಷಾಂತರಿಸಿ, ಅವರ ಪರವಾಗಿ ಇಂಗ್ಲಿಷಿನಲ್ಲಿ ಪತ್ರ ಬರೆದು, ಟೈಪು ಮಾಡಿಕೊಡುವ ಜಾಗ. ಕೆಳಗಿನ ಹೊಲಿಗೆ ಮೆಷಿನ್ನಿನ ಸದ್ದು ನೆಲದ ಮೂಲಕ ಕಾಲಿಗೆ ತಾಗುತ್ತಿತ್ತು. ನಾನು ಸೇರಿದ್ದು ಮಕ್ಕಳಿಬ್ಬರೂ ಹೈಸ್ಕೂಲಿಗೆ ಬಂದ ಮೇಲೆ. ಬೆಳಗಿನ ಅಡುಗೆ ಮುಗಿಸಿ ಹನ್ನೊಂದಕ್ಕೆ ಬಂದರೆ ಮಧ್ಯಾಹ್ನ ಮೂರೂವರೆವರೆಗೆ. ಕಾನ್ವೆಂಟಿನಲ್ಲಿ ಓದಿದ್ದೆ, ಸಿಸ್ಟರುಗಳು ಪತ್ರಲೇಖನ ಕಲಿಸಿದ್ದರು ಎನ್ನುವುದೊಂದೇ ನನ್ನ ಅರ್ಹತೆ.

ಯಜಮಾನರು ಶಿವಣ್ಣನವರು. ಹಿಂದೆ ತಾಲ್ಲೂಕು ಕಚೇರಿ ಮುಂದೆ ಮರದ ನೆರಳಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆಯುತ್ತಿದ್ದವರು. ಕಂಪ್ಯೂಟರ್ ಬಂದ ಮೇಲೂ ಕೀಲಿಗಳನ್ನು ಅದೇ ಪೆಟ್ಟಿನಲ್ಲಿ ಹೊಡೆದು, ವರ್ಷಕ್ಕೊಂದು ಕೀಬೋರ್ಡು ಮುಗಿಸುತ್ತಿದ್ದರು. ಮೊದಲ ದಿನವೇ ನನ್ನನ್ನು ಕಿಟಕಿ ಹತ್ತಿರ ಕರೆದು, "ನಮ್ ಬೋರ್ಡ್‌ನಾಗೆ ಏನ್ ಬರ್ದೈತೆ ಓದ್ರಮ್ಮ" ಎಂದರು.

"ಟೈಪಿಂಗ್, ಭಾಷಾಂತರ."

"ಭವಿಷ್ಯ ಅಂತ ಬರ್ದೈತಾ?"

"ಇಲ್ಲ ಸರ್."

"ಆಂ! ಅದ್ಕೇ ಯಾವೋನಾರ ಯಾವ್ ದೇಶಕ್ಕೋಗ್ಲಿ ಅಂತ ಕೇಳಿದ್ರೆ ನಕ್ಬುಡಿ, ಸುಮ್ಕಾಗ್ಬುಡಿ. ಅದ್ನ ಯೋಳಕ್ಕೆ ಬೇರೆ ಲೈಸೆನ್ಸ್ ಐತೆ, ಬೇರೆ ಜನ ಅವ್ರೆ."

ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಬಂದವರೆಲ್ಲ ಕೇಳುವುದು ಅದೊಂದನ್ನೇ. ಅದೂ ಅಕ್ಕಪಕ್ಕದ ಎರಡು ದೇಶ ಹಿಡಿದುಕೊಂಡು ಬರುತ್ತಾರೆ. ಐರ್ಲೆಂಡೋ ಇಂಗ್ಲೆಂಡೋ, ಕೆನಡಾನೋ ಅಮೆರಿಕಾನೋ. ದೂರದಿಂದ ನೋಡಿದರೆ ಒಂದೇ ಬದುವಿನ ಆಚೆ ಈಚೆ ಇದ್ದ ಹಾಗೆ ಕಾಣುತ್ತವೆ.

ಸೋಲೂರಿನ ಕಡೆಯ ವೆಲ್ಡರ್ ರಂಗಸ್ವಾಮಿ ಮಗನ ಶಾಲೆಯ ಭೂಪಟ ತಂದು ನನ್ನ ಮೇಜಿನ ತುಂಬ ಹಾಸಿದ. ಮೂಲೆ ಹಾರದಂತೆ ಒಂದು ಕಡೆ ನನ್ನ ಟಿಫಿನ್ ಡಬ್ಬಿ, ಇನ್ನೊಂದು ಕಡೆ ಅವನ ಹೆಲ್ಮೆಟ್ಟು ಇಟ್ಟ. ನಾನು ಕಟ್ಟಳೆಯಂತೆ ನಕ್ಕು ಸುಮ್ಮನಾದೆ. ಅವನೇ ಅಮೆರಿಕಾ, ಕೆನಡಾ ಎರಡನ್ನೂ ನೋಡಿ, ಕೆನಡಾದ ಮೇಲೆ ಬೆರಳು ಒತ್ತಿದ.

"ಇದೇ ಇರ್ಲಿ ಮೇಡಂ. ಇದು ಮ್ಯಾಲ್ಗಡೆ ಐತೆ. ಮ್ಯಾಲ್ಗಡೆ ಗದ್ದೇಗೆ ತಾನೆ ನೀರು ಮೊದ್ಲು ಬರೋದು?"

ಪಕ್ಕದ ಕೋಣೆಯಿಂದ ಶಿವಣ್ಣನವರು ಕೆಮ್ಮಿದ್ದು ಕೇಳಿಸಿತು. ನಗು ತಡೆಯಲು ಅವರು ಹಾಗೆ ಕೆಮ್ಮುತ್ತಿದ್ದರು. ಎರಡು ವರ್ಷ ಬಿಟ್ಟು ರಂಗಸ್ವಾಮಿ ಮೊಣಕಾಲುದ್ದ ಹಿಮದಲ್ಲಿ ನಿಂತ ಫೋಟೋ ಕಳಿಸಿದ. ಕೆಳಗೆ, "ನೀರು ಮೊದ್ಲೇ ಬಂತು ಮೇಡಂ, ಆದ್ರೆ ಗಟ್ಟಿಗೆ ಬಂದೈತೆ" ಎಂದು ಬರೆದಿದ್ದ. ಅಲ್ಲೇ ನೆಲೆ ನಿಂತ, ಸಂತೋಷವಾಗಿದ್ದಾನೆ. ದೇಶ ಆರಿಸಿಕೊಳ್ಳುವುದಕ್ಕೆ ಜನರಿಗೆ ಅವರದೇ ಕಾರಣ ಇರುತ್ತದೆ ಶಾಜಿಯಾ, ಅದರಲ್ಲಿ ನಾವು ಬೆರಳಿಡಬಾರದು.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಹೊಂಗನೂರಿನ ಲೋಕೇಶನ ಫೈಲಿನಲ್ಲಿ. ರೇಷ್ಮೆ ಬೆಳೆಯುವ ಮನೆಯ ಹುಡುಗ. ಒಡಹುಟ್ಟಿದವರು ಎಷ್ಟು ಜನ ಎಂದೆ. "ಐದ್ ಜನ ಅಣ್ತಮ್ಮಂದ್ರು ಮೇಡಂ" ಎಂದು ಹೆಸರು, ಹುಟ್ಟಿದ ದಿನ ಪಟಪಟನೆ ಹೇಳಿದ. ನಾನೂ ಪಟಪಟನೆ ಬರೆದೆ. ಎರಡು ತಿಂಗಳಿಗೆ ವೀಸಾ ಕಚೇರಿಯಿಂದ ಪ್ರಶ್ನೆ ಬಂತು: ಇವರಲ್ಲಿ ಇಬ್ಬರು ನಾಲ್ಕೇ ತಿಂಗಳ ಅಂತರದಲ್ಲಿ ಹುಟ್ಟಿದ್ದಾರಲ್ಲ, ಹೇಗೆ?

ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು. ನಮ್ಮಲ್ಲಿ ಎಲ್ಲರೂ ಅಣ್ಣತಮ್ಮಂದಿರೇ, ಬೇರೆ ಹೆಸರೇ ಇಲ್ಲ. ಶಿವಣ್ಣನವರು ಆ ಕಾಗದ ಹಿಡಿದು ನನ್ನ ಮುಂದೆ ನಿಂತು, "ಏನಮ್ಮಾ, ಆ ಮಾತಾಯಿ ನಾಕ್ ತಿಂಗ್ಳಿಗೊಂದು ಹೆತ್ತವ್ಳೆ ಅಂತ ಬರ್ಕೊಟ್ಟಿದೀರಲ್ಲ, ಸರ್ಕಾರದೋರು ಸನ್ಮಾನ ಮಾಡ್ಬೇಕು ಕಣಮ್ಮ!" ಎಂದರು. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ರೇಷ್ಮೆಗೂಡಿನ ಮೂಟೆಗಳ ಮಧ್ಯೆ ಕೂತು, ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತಿದ್ದೆ. ಮಾರನೇ ದಿನ ಒಂದು ನೋಟುಬುಕ್ಕು ತಂದೆ. ಬಂದವರ ಮನೆಯ ವಂಶವೃಕ್ಷವನ್ನು ಪೆನ್ಸಿಲಿನಲ್ಲಿ ಬರೆದು, ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಫಾರಂ ಮುಟ್ಟುತ್ತಿದ್ದೆ. ಆಮೇಲೆ ನನ್ನ ಫೈಲುಗಳಲ್ಲಿ ಸಂಬಂಧ ತಪ್ಪಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮುಂದಿನ ತಪ್ಪು ಆ ಹೆಮ್ಮೆಯಿಂದಲೇ ಆಯಿತು.

ಕಾವ್ಯಳ ಮನೆಯ ವಂಶವೃಕ್ಷ ಬರೆಯಲು ಕೂತ ದಿನ ನನಗೆ ಚೆನ್ನಾಗಿ ನೆನಪಿದೆ. ಮಹೇಶ ಅವಳ ತಾಯಿಯ ಕೊನೆಯ ತಮ್ಮ. ಸೋದರಮಾವ. ಇವಳಿಗಿಂತ ಎಂಟು ವರ್ಷ ದೊಡ್ಡವನು, ಉಯ್ಯಂಬಳ್ಳಿ ಕಡೆಯವನು, ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಇವಳು ನರ್ಸಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, ತಾನೇ ಒಪ್ಪಿ ಮದುವೆಯಾದವಳು. ಇತ್ತೀಚೆಗೆ ನಮ್ಮ ಕಡೆಯೂ ಇಂಥ ಮದುವೆ ಕಡಿಮೆಯಾಗುತ್ತಿದೆ, ಡಾಕ್ಟರರು ಬೇಡವೆನ್ನುತ್ತಾರೆ. ಅದೂ ಅವಳಿಗೆ ಗೊತ್ತಿತ್ತು. "ನಿಧಿ ಹುಟ್ಟೋಕೆ ಮುಂಚೆ ಎಲ್ಲಾ ಟೆಸ್ಟು ಮಾಡಿಸಿದ್ವಿ ಮೇಡಂ. ಮಾವನೇ ಹೆದರ್ಕೊಂಡು ಕೂತಿದ್ದು" ಎಂದು ನಕ್ಕಳು. ಗಂಡನನ್ನು ಅವಳು ಮಾವ ಎಂದೇ ಕರೆಯುತ್ತಿದ್ದಳು.

ಎರಡು ದೇಶದಲ್ಲೂ ಅವಳ ಜೊತೆ ಓದಿದ ನರ್ಸುಗಳಿದ್ದರು. ನ್ಯೂಜಿಲೆಂಡಿನ ಒಂದು ವೃದ್ಧಾಶ್ರಮ ಕೆಲಸ ಕೊಡಲು ತಯಾರಿತ್ತು. ಆಸ್ಟ್ರೇಲಿಯಾದಲ್ಲಾದರೆ ನೋಂದಣಿಗೇ ವರ್ಷ ಹಿಡಿಯುತ್ತದೆ ಎಂದು ಗೆಳತಿ ಹೇಳಿದ್ದಳು.

"ನೀವು ಏನಂತೀರಿ?" ಎಂದು ಮಹೇಶನನ್ನು ಕೇಳಿದೆ.

"ನಾನೇನನ್ಲಿ ಮೇಡಂ? ಅವಳು ಬಾ ಅಂದ್ಕಡೆ ಬತ್ತೀನಿ. ಹಸ ಇದ್ರೆ ಸಾಕು."

ಹಸು ಎಂದ ತಕ್ಷಣ ನನ್ನ ಬಾಯಿ ಜಾರಿತು. "ಹಾಗಾದ್ರೆ ನ್ಯೂಜಿಲೆಂಡೇ ಸರಿ. ಅದು ಹಸುಗಳ ದೇಶ. ನೀಲಿ ಫೈಲು ಕೊಡಿ" ಎಂದೆ. ಅಷ್ಟೇ. ಹಸಿರು ಫೈಲು ಅವಳ ಚೀಲ ಸೇರಿತು.

ಗಂಡನನ್ನು ಜೊತೆಗೆ ಕರೆದೊಯ್ಯಲು ಈ ಮದುವೆ ನಿಜವಾದದ್ದು ಎಂದು ತೋರಿಸುವ ಪತ್ರ ಬೇಕು. ನಮ್ಮ ಕೆಲಸದಲ್ಲಿ ಕಷ್ಟದ ಪತ್ರ ಅದೇ. ಹೆಚ್ಚಿನವರು ಒಂದು ಭಾನುವಾರ ಉಪ್ಪಿಟ್ಟು ತಿನ್ನುತ್ತ ಇಪ್ಪತ್ತು ನಿಮಿಷ ನೋಡಿ ಮದುವೆಯಾದವರು. ಅದನ್ನು ಆ ಕಡೆಯ ಅಧಿಕಾರಿಗೆ ನಂಬಿಸುವಷ್ಟರಲ್ಲಿ ನನ್ನ ಇಂಗ್ಲಿಷೆಲ್ಲ ಖರ್ಚಾಗುತ್ತಿತ್ತು. ಕಾವ್ಯಳದು ಹಾಗಲ್ಲ. ಇವಳ ನಾಮಕರಣದ ಫೋಟೋದಲ್ಲಿ ಎಂಟು ವರ್ಷದ ಮಹೇಶ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು, ಬೀಳಿಸಿಬಿಟ್ಟೇನೆಂಬ ಭಯದಲ್ಲಿ ಕ್ಯಾಮೆರಾ ನೋಡುತ್ತಿದ್ದಾನೆ. ಇದಕ್ಕಿಂತ ಗಟ್ಟಿ ಸಾಕ್ಷಿ ಎಲ್ಲಿ ಸಿಗಬೇಕು! ಆ ಫೋಟೋವನ್ನು ನಾನು ಮೊದಲ ಪುಟದಲ್ಲಿಟ್ಟೆ. ಕೆಳಗೆ ಕಾವ್ಯಳ ಮಾತಾಗಿ ಬರೆದೆ: ಇವರು ನನ್ನ ತಾಯಿಯ ತಮ್ಮ, ನಾನು ಹುಟ್ಟಿದ ದಿನದಿಂದ ನನ್ನನ್ನು ಬಲ್ಲವರು.

ಬರೆದು ಶಿವಣ್ಣನವರಿಗೆ ತೋರಿಸಿದೆ. ಓದಿ, "ಭೇಷ್ ಕಣಮ್ಮ" ಎಂದರು. ನಮ್ಮಿಬ್ಬರಲ್ಲಿ ಒಬ್ಬರಿಗೂ ಒಂದು ಕ್ಷಣವೂ ಅನುಮಾನ ಬರಲಿಲ್ಲ. ರಾಮನಗರದಿಂದ ಉಯ್ಯಂಬಳ್ಳಿವರೆಗೆ ಯಾರಿಗೆ ತೋರಿಸಿದ್ದರೂ ಬರುತ್ತಿರಲಿಲ್ಲ.

ಉತ್ತರ ಬಂದ ದಿನ ಕಾವ್ಯ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿ ಬಂದಿದ್ದಳು. ಬಿಳಿ ಕೋಟಿನ ಜೇಬಿನಲ್ಲಿ ಥರ್ಮಾಮೀಟರು ಹಾಗೇ ಇತ್ತು. ಫೋನು ನನ್ನ ಮುಂದೆ ಹಿಡಿದಳು. ಅವಳಿಗೆ ಕೆಲಸದ ವೀಸಾ ಸಿಕ್ಕಿತ್ತು. ಮಹೇಶನದು ತಿರಸ್ಕಾರ. ಸಹೋದರಿಯ ಮಗಳನ್ನು ಮದುವೆಯಾಗುವುದು ಆ ದೇಶದ ಕಾನೂನಿನಲ್ಲಿ ನಿಷಿದ್ಧ, ಹಾಗಾಗಿ ಇವರನ್ನು ದಂಪತಿ ಎಂದು ಒಪ್ಪುವುದಕ್ಕಾಗುವುದಿಲ್ಲ. ಮರ್ಯಾದೆಯಾಗಿಯೇ ಬರೆದಿದ್ದರು. ಎರಡು ಸಲ ಓದಿದೆ. ಆ ಫೋಟೋವನ್ನು ಮೊದಲ ಪುಟದಲ್ಲಿ ನೋಡಿದ ಅಧಿಕಾರಿಗೆ ಏನನ್ನಿಸಿರಬೇಕು ಎಂದು ಆಗ ಹೊಳೆದು ನನ್ನ ಕಿವಿ ಬಿಸಿಯಾಯಿತು.

"ಅಂದ್ರೆ ಮೇಡಂ, ನಾವು ಗಂಡ ಹೆಂಡ್ತಿ ಅಲ್ವಂತಾ?" ಎಂದಳು.

ಅವಳ ಕೆಲಸದ ಪತ್ರ ತೆಗೆದು ನೋಡಿದೆ. ಮೂರು ತಿಂಗಳೊಳಗೆ ಅವಳು ಕೆಲಸಕ್ಕೆ ಸೇರಬೇಕಿತ್ತು. ಮಹೇಶನನ್ನು ಬಿಟ್ಟು ಹೋಗಬಹುದು. ಗಂಡ ಬರುವ ದಾರಿ ಇವತ್ತಿಗಷ್ಟೇ ಅಲ್ಲ, ಆ ದೇಶದಲ್ಲಿ ಯಾವತ್ತಿಗೂ ಮುಚ್ಚಿತ್ತು.

ಆಮೇಲಿನ ವಾರ ಎಲ್ಲರಿಗೂ ಒಂದೊಂದು ಉಪಾಯ. ಶಿವಣ್ಣನವರು ಬಾಗಿಲು ಮುಂದೆ ಮಾಡಿ, "ಹೊಸ ಅರ್ಜಿ ಹಾಕಿ, ಮಾವ ಅನ್ನೋ ಮಾತ್ನೇ ಎತ್ಬೇಡಿ" ಎಂದರು. "ಅವರ ಕಂಪ್ಯೂಟರಿನಲ್ಲಿ ಹಳೇ ಪತ್ರ ಇದೆ ಸರ್, ನಾನೇ ಬರೆದದ್ದು" ಎಂದೆ. ಮಾಗಡಿಯ ನೆಂಟರೊಬ್ಬರು ಇನ್ನೂ ಮುಂದೆ ಹೋಗಿ, ಹೊಸ ವಂಶವೃಕ್ಷ ಮಾಡಿಸಿ, ಮಹೇಶನನ್ನು ಕಾವ್ಯಳ ತಾಯಿಯ ದೊಡ್ಡಪ್ಪನ ಮಗ ಎಂದು ತೋರಿಸಿ, ಆಸ್ಟ್ರೇಲಿಯಾಕ್ಕೆ ಹಾಕೋಣ ಎಂದರು. ನಾನು ಅಂಥದ್ದನ್ನು ಟೈಪು ಮಾಡುವುದಿಲ್ಲ ಎಂದೆ. ಆದರೆ ಕಾವ್ಯಳ ಮುಖ ನೋಡಿದರೆ ಅವಳ ಮನಸ್ಸು ಹೊಯ್ದಾಡುತ್ತಿತ್ತು.

ಆಗ ಸಣ್ಣಮ್ಮ ಬಂದರು. ಮಹೇಶನ ತಾಯಿ, ಕಾವ್ಯಳ ತಾಯಿಗೂ ತಾಯಿ. ಉಯ್ಯಂಬಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ, ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದು, ಮೆಟ್ಟಿಲು ಹತ್ತಿದ ಆಯಾಸಕ್ಕೆ ಒಂದು ಲೋಟ ನೀರು ಕುಡಿದು, ಕುರ್ಚಿ ಬೇಡವೆಂದು ಗೋಡೆಗೊರಗಿ ನಿಂತರು.

"ಏನವ್ವಾ ಕಾವ್ಯಾ, ಅದ್ಯಾವ್ದೋ ಕಾಗ್ದ ಮಾಡುಸ್ತೀಯಂತೆ? ಮಯೇಸ ನನ್ ಹೊಟ್ಟೇಲಿ ಹುಟ್ಲಿಲ್ಲ ಅಂತ?"

"ಹೆಸ್ರಿಗಷ್ಟೇ ಕಣಜ್ಜಿ."

"ಹೆಸ್ರಿಗೇ ತಾನೆ ಮನ್ಸ ಬದುಕೋದು? ಯಾರ್ ಕೈಲಿ ಸೀಲ್ ಒತ್ತಿಸ್ತೀಯ? ಅವ್ನ ಹೆರುವಾಗ ನೀರ್ ಕಾಯ್ಸಿದ್ದು ನಿಮ್ಮವ್ವನೇ, ಅವಳ್ ಕೈಲೇ ಒತ್ಸು ಹಂಗಾರೆ!"

ಮಹೇಶ, "ಒಸಿ ಮೆಲ್ಲಗೆ ಮಾತಾಡವ್ವ, ಕೆಳಗಡೆ ಟೈಲರ್ ಅಂಗ್ಡಿ ಐತೆ" ಎಂದ.

"ಕೇಳಿಸ್ಕಳ್ಳಿ ಬುಡ್ಲಾ. ನಾನೇನ್ ಕದ್ದಿದೀನಾ?" ಎಂದು ಸಣ್ಣಮ್ಮ ನನ್ನ ಕಡೆ ತಿರುಗಿದರು. "ನೀನ್ ಬರ್ದಿದ್ದು ದಿಟಾನೇ ತಾಯಿ. ದಿಟ ಬರುದ್ರೆ ಬ್ಯಾಡ ಅನ್ನೋ ಊರಿದ್ರೆ, ಸರಿ ಬಾ ಅನ್ನೋ ಊರೂ ಇರ್ಬೇಕಲ್ಲ. ಹುಡ್ಕು."

ಅವರು ಹೋದ ಮೇಲೆ ಕಾವ್ಯಳನ್ನು ಕೂರಿಸಿಕೊಂಡು ಹೇಳಿದೆ: ಆ ದೇಶ ಹೇಳಿದವಳೂ ನಾನೇ, ನಿಯಮ ಓದದೆ ಆ ಸಾಲು ಬರೆದವಳೂ ನಾನೇ, ತಪ್ಪು ನನ್ನದು. ಇಷ್ಟು ಹೇಳುವುದಕ್ಕೆ ನನಗೆ ಒಂದು ವಾರ ಹಿಡಿದಿತ್ತು. ಅವಳು ಅವರೆಕಾಯಿಯ ಸೊನೆ ಹತ್ತಿದ ಬೆರಳು ಉಜ್ಜಿಕೊಳ್ಳುತ್ತ, "ಸುಳ್ಳಂತೂ ಬರೀಲಿಲ್ಲ ಬಿಡಿ ಮೇಡಂ. ಅಜ್ಜಿ ಹೇಳಿದ್ ಕೆಲ್ಸ ಮಾಡಿ" ಎಂದಳು. ಹಸಿರು ಫೈಲು ಮತ್ತೆ ಮೇಜಿಗೆ ಬಂತು.

ಹಿಂದೆಲ್ಲ ನಮ್ಮ ಕೆಲಸಕ್ಕೆ ಜೆರಾಕ್ಸು ಫಾರಮ್ಮುಗಳ ಕಟ್ಟೇ ಆಧಾರ. ಅದರಲ್ಲಿ ಪ್ರಶ್ನೆ ಇರುತ್ತಿತ್ತು, ಪ್ರಶ್ನೆಯ ಹಿಂದಿನ ಕಾನೂನು ಇರುತ್ತಿರಲಿಲ್ಲ. ಈಗ ಎಲ್ಲ ದೇಶದ ಕಾನೂನೂ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ, ಓದುವವರಿಗೆ ಮಾತ್ರ ತಾಳ್ಮೆ ಬೇಕು. ನಾನು ಆಸ್ಟ್ರೇಲಿಯಾದ ಮದುವೆ ಕಾಯಿದೆಯನ್ನು ಪ್ರಿಂಟು ತೆಗೆದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಸಾಲಿನ ಕೆಳಗೆ ಸ್ಕೇಲು ಹಿಡಿದು ಓದಿದೆ. ಯಾರು ಯಾರನ್ನು ಮದುವೆಯಾಗಬಾರದು ಎಂಬ ಪಟ್ಟಿ ಬಂತು. ಹೆತ್ತವರು, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಅಣ್ಣತಂಗಿಯರು. ಪಟ್ಟಿ ಅಲ್ಲಿಗೆ ಮುಗಿಯಿತು. ಪುಟ ತಿರುಗಿಸಿದೆ, ಮತ್ತೆ ಹಿಂದಕ್ಕೆ ಬಂದೆ. ಸೋದರಮಾವ ಅದರಲ್ಲಿರಲಿಲ್ಲ.

ಅನ್ನ ತಟ್ಟೆಯಲ್ಲಿ ಆರಿಹೋಗಿತ್ತು. ಕುಣಿಯಬೇಕೆನ್ನಿಸಿದರೂ ಕುಣಿಯಲಿಲ್ಲ. ಒಂದು ಸಲ ಬಿದ್ದವಳು. ಅಲ್ಲಿಯ ಪರವಾನಗಿ ಇರುವ ಸಲಹೆಗಾರರೊಬ್ಬರಿಗೆ ವಿಷಯವೆಲ್ಲ ಬಿಚ್ಚಿ ಬರೆದೆವು. ನಾಲ್ಕು ದಿನಕ್ಕೆ ಉತ್ತರ ಬಂತು: ನಿಮ್ಮ ಊರಿನ ಪದ್ಧತಿಯಲ್ಲಿ, ನಿಮ್ಮ ಕಾನೂನಿನಲ್ಲಿ ಈ ಮದುವೆ ಸರಿ ಎಂಬುದಕ್ಕೆ ದಾಖಲೆ ಕೊಡಿ, ಹಿಂದಿನ ತಿರಸ್ಕಾರವನ್ನು ಮುಚ್ಚಿಡಬೇಡಿ, ದಾರಿ ಇದೆ. ಶಿವಣ್ಣನವರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಓದಿ, "ಬೋರ್ಡ್ ಬದ್ಲಾಯಿಸ್ಬೇಕಾಯ್ತದೆ ನಿಮ್ ದೆಸೆಯಿಂದ" ಎಂದು ಕೆಮ್ಮಿದರು.

ದಾರಿ ಇತ್ತು, ಆದರೆ ದೂರದ ದಾರಿ. ಕೈಗೆ ಬಂದಿದ್ದ ನ್ಯೂಜಿಲೆಂಡಿನ ಕೆಲಸವನ್ನು ಕಾವ್ಯ ಬಿಟ್ಟುಕೊಟ್ಟಳು. ಆ ಪತ್ರ ಟೈಪು ಮಾಡುವಾಗ ನನ್ನ ಬೆರಳು ಮೂರು ಕಡೆ ತಪ್ಪಿತು. ನೋಂದಣಿ, ಪರೀಕ್ಷೆ ಎಂದು ವರ್ಷದ ಮೇಲಾಯಿತು. ಮಹೇಶನೂ ಇಂಗ್ಲಿಷ್ ಪರೀಕ್ಷೆ ಕಟ್ಟಬೇಕಿತ್ತು. ಬುಧವಾರ ಮಧ್ಯಾಹ್ನ ಬಂದು ನನ್ನೆದುರು ಕೂರುತ್ತಿದ್ದ. ಯಾವ ಚಿತ್ರ ತೋರಿಸಿ ವಿವರಿಸು ಎಂದರೂ ಮೂರನೇ ವಾಕ್ಯಕ್ಕೆ ಹಾಲಿನ ಕೊಬ್ಬಿನಂಶಕ್ಕೆ ಬಂದು ನಿಲ್ಲುತ್ತಿದ್ದ. "ಮಹೇಶ, ಇದು ಸಮುದ್ರದ ಚಿತ್ರ." "ಗೊತ್ತು ಮೇಡಂ. ದಡದಾಗೆ ಆ ಹೆಂಗಸ್ರು ಕಾಫಿ ಕುಡೀತಾವ್ರಲ್ಲ, ಅದ್ರಾಗಿರೋ ಹಾಲು..." ಎರಡನೇ ಸಲಕ್ಕೆ ಪಾಸಾದ.

ಕೊನೆಗೆ ಪತ್ರ ಬರೆಯುವ ದಿನ ಬಂತು. ಅದೇ ಸಾಲನ್ನು ಮತ್ತೆ ಬರೆದೆ: ಇವರು ನನ್ನ ತಾಯಿಯ ತಮ್ಮ. ಈ ಸಲ ಅದು ಸಾಕ್ಷಿಯೆಂದಲ್ಲ, ಇರುವ ವಿಷಯವೆಂದು. ಮುಂದಿನ ಸಾಲಿನಲ್ಲೇ, ಈ ಕಾರಣಕ್ಕೆ ನೆರೆಯ ದೇಶ ನಮ್ಮನ್ನು ನಿರಾಕರಿಸಿದೆ ಎಂದು. ನಾಮಕರಣದ ಫೋಟೋ ಬಿಡೋಣವೇ ಎಂದು ಕೇಳಿದೆ. "ಯಾಕ್ ಬಿಡ್ಬೇಕು ಮೇಡಂ?" ಎಂದಳು ಕಾವ್ಯ. ವರ್ಷಗಳ ಕ್ರಮದಲ್ಲಿ ಜೋಡಿಸಿದೆವು. ಅದರ ಕೆಳಗೆ ಇಬ್ಬರ ವಯಸ್ಸು, ಮದುವೆಯ ಫೋಟೋದ ಕೆಳಗೆ ಇಬ್ಬರ ವಯಸ್ಸು. ಮಿಕ್ಕಿದ್ದನ್ನು ಓದುವವರಿಗೆ ಬಿಟ್ಟೆವು.

ಕಾದ ತಿಂಗಳುಗಳನ್ನು ಬರೆಯಲಾರೆ. ಪ್ರತಿ ಸಲ ಫೋನು ಸದ್ದು ಮಾಡಿದಾಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ, ನಾನು ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾಗ ಮಹೇಶನ ಫೋನು. ಹಿಂದೆ ಡೈರಿಯ ಕ್ಯಾನುಗಳ ಸದ್ದು.

"ಮೇಡಂ, ಮೂರೂ ಹೆಸ್ರು ಬಂದೈತೆ."

"ಮೂರೂ?"

"ಮೂರೂ. ನಂದ್ರ ಮುಂದೆ ಗಂಡ ಅಂತ ಹಾಕವ್ರೆ ಮೇಡಂ. ಇಂಗ್ಲಿಷ್ನಾಗೆ. ನಾನೇ ಓದ್ದೆ."

ಸಾಸಿವೆ ಸೀದುಹೋಯಿತು. ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ.

ಅವರು ಹೋಗಿ ಎರಡು ವರ್ಷವಾಯಿತು. ಕಾವ್ಯ ಅಲ್ಲಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಾಳೆ, ಮಹೇಶನಿಗೆ ಹಾಲಿನದೇ ಕೆಲಸ, ನಿಧಿ ಶಾಲೆಯಲ್ಲಿ ಟೋಪಿ ಹಾಕಿಕೊಂಡು ಓಡುವ ಫೋಟೋ ಬರುತ್ತಿರುತ್ತದೆ. ಶಾಜಿಯಾ, ಎರಡು ದೇಶ ಪಕ್ಕಪಕ್ಕ ಇದ್ದರೂ ಅವುಗಳ ಬಾಗಿಲು ಬೇರೆ. ಯಾವ ಬಾಗಿಲು ಯಾರಿಗೆ ಎಂದು ನಾವು ಹೇಳಬಾರದು. ಆದರೆ ಬಾಗಿಲ ಮೇಲೆ ಬರೆದಿರುವುದನ್ನು ಪೂರ್ತಿ ಓದಿಕೊಂಡಿರಬೇಕು. ಬಂದವರ ಮನೆಯ ಸಂಗತಿ ಅಲ್ಲಿ ಹೇಗೆ ಕಂಡೀತು ಎಂದು ಒಮ್ಮೆ ಅಲ್ಲಿಯವರ ಕಣ್ಣಿನಿಂದ ನೋಡಿ, ಆಮೇಲೂ ಇದ್ದದ್ದನ್ನು ಇದ್ದ ಹಾಗೇ ಬರೆಯಬೇಕು.

ನಾನು ಕುರ್ಚಿ ಬಿಡುವ ವಾರ ಕೊನೆಯ ಫಾರಂ ತುಂಬಿದ್ದು ಸಣ್ಣಮ್ಮನವರದು. ಕಾವ್ಯಳಿಗೆ ಎರಡನೆಯ ಹೆರಿಗೆ, ಮೂರು ತಿಂಗಳ ಮಟ್ಟಿಗೆ ಹೋಗಿಬರಲು. ನಾನು ಓದುತ್ತ ಹೋದೆ, ಅವರು ಹೇಳುತ್ತ ಹೋದರು. ಅಲ್ಲಿ ನಿಮ್ಮನ್ನು ಕರೆಸಿಕೊಳ್ಳುತ್ತಿರುವವರಿಗೆ ನೀವು ಏನಾಗಬೇಕು ಎಂಬ ಪ್ರಶ್ನೆ ಬಂತು. ತಾಯಿ ಎಂದು ಹಾಕಲೋ, ಅಜ್ಜಿ ಎಂದು ಹಾಕಲೋ, ಅತ್ತೆ ಎಂದು ಹಾಕಲೋ ಎಂದು ಅವರನ್ನೇ ಕೇಳಿದೆ.

"ಏನ್ ಕೇಳ್ತಾವ್ರೆ ಅವ್ರು? ನಾನ್ ಯಾರ್ ಮನೆಗೋಗ್ತಾ ಇವ್ನಿ ಅಂತ್ಲಾ?"

"ಹೆಚ್ಚುಕಡಿಮೆ ಹಾಗೇ."

"ನಮ್ಮನೇಗೆ ಅಂತ ಬರಿ ತಾಯಿ."

ಮೂರು ಸಂಬಂಧವನ್ನೂ ಒಂದರ ಕೆಳಗೊಂದು ಬರೆದೆ. ಕೊನೆಯಲ್ಲಿ ಇನ್ನೂ ಒಂದು ಸಾಲಿಗೆ ಜಾಗ ಉಳಿದಿತ್ತು. ಅವರು ಹೇಳಿದ್ದನ್ನೂ ಬರೆದೆ.